ಕಸದ ಬುಟ್ಟಿಗೆ ಕಾವಲು

ಆಗ ನನಗೆ ಅರವತ್ತೆಂಟು ವರ್ಷ. ಇದು ನಡೆದು ಮೂರು ವರ್ಷವಾಯಿತು. ಮೂರು ವರ್ಷವಾದರೂ ಸಿಟ್ಟು ಇಳಿದಿಲ್ಲ. ಇಳಿಯಲಿ ಎಂದು ನಾನೂ ಪ್ರಯತ್ನಪಟ್ಟವಳಲ್ಲ.

ಮೊನ್ನೆ ನನ್ನ ಸೊಸೆ ಸವಿತ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತಿದ್ದವಳು, ಪರದೆಯ ಮೂಲೆಯಲ್ಲಿದ್ದ ಒಂದು ಹಳದಿ ಚಿತ್ರವನ್ನು ಅಳಿಸಿ ಹಾಕಲು ಹೊರಟಳು. ಫೋಲ್ಡರು ಅನ್ನುತ್ತಾರಲ್ಲ, ಅದು. ಅದರ ಬುಡದಲ್ಲಿ ಒಂದು ಸಣ್ಣ ಡೊಂಕು ಬಾಣ ಇದೆ. ಒತ್ತಿದರೆ ಏನೂ ತೆರೆಯುವುದಿಲ್ಲ. ಇಂಗ್ಲಿಷಿನಲ್ಲಿ ಎರಡು ಸಾಲು ಬಂದು ನಿಲ್ಲುತ್ತದೆ, ಅಷ್ಟೆ.

"ಅತ್ತೆ, ಇದ್ ಸತ್ತೋಗಿ ಮೂರ್ ವರ್ಸ ಆಯ್ತು. ಇನ್ನೂ ಯಾಕ್ ಮಡಿಕೊಂಡಿದ್ದೀರಿ? ತೆಗ್ದಾಕ್ಬುಡ್ತೀನಿ" ಅಂದಳು.

"ಮುಟ್ಟಬ್ಯಾಡ. ಇರ್ಲಿ."

"ಇದ್ರಿಂದ ಏನ್ ಉಪ್ಯೋಗ?"

"ನೋಡ್ದಾಗೆಲ್ಲ ಗಿರೀಶನ್ನ ಬಯ್ಯಕ್ಕೆ ನೆಪ್ಪಾಯ್ತದೆ. ಅದೇ ಉಪ್ಯೋಗ."

ಗಿರೀಶ ಎಂದರೆ ನನ್ನ ತಂಗಿಯ ಅಳಿಯ. ಶ್ರೀರಂಗಪಟ್ಟಣದಲ್ಲಿ ಕಂಪ್ಯೂಟರು ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ನಲವತ್ತರ ಮೇಲಾಗಿದೆ, ತಲೆ ಅರ್ಧ ಬೋಳು, ಕೆಲಸ ಬಲ್ಲವನು ಎಂದು ಹೆಸರು. ಆದರೆ ಅಳಿಯ. ಅಳಿಯ ಅಂದಮೇಲೆ ಬಹುವಚನ, ಮಣೆ, ಎಲೆಯ ಮೇಲೆ ಒಬ್ಬಟ್ಟು. ಅವನು ನಿಮ್ಮ ಮನೆ ಮುಳುಗಿಸಿ ಎದ್ದು ಹೋದರೂ ಬಾಗಿಲವರೆಗೆ ಬಂದು "ಹೋಗಿಬನ್ನಿ" ಅನ್ನಬೇಕು. ನಾನು ಅಂದೆ. ಅದೂ ಒಂದು ಸಿಟ್ಟು.

ನಮ್ಮದು ಪಾಂಡವಪುರದಲ್ಲಿ ಚಿನ್ನದ ಕೆಲಸದ ಮನೆ. ಮುಂದುಗಡೆ ಅಂಗಡಿ, ಹಿಂದುಗಡೆ ಒಲೆ. ಯಜಮಾನರು ತೀರಿಕೊಂಡ ಮೇಲೆ ಕೆಲಸದ ಮಣೆಯ ಮುಂದೆ ಮಗ ಲೋಕೇಶ ಕೂರುತ್ತಾನೆ. ಕಂಪ್ಯೂಟರು ಸವಿತಳ ಕೈಯಲ್ಲಿ. ನಾನು ಸರ ಪೋಣಿಸುತ್ತೇನೆ, ಅಂಟುವಾಳದ ನೀರಿನಲ್ಲಿ ಒಡವೆ ತೊಳೆಯುತ್ತೇನೆ, ಬಂದವರ ಜೊತೆ ಬಾಯಿ ಮಾಡುತ್ತೇನೆ. ನಾಗಮಂಗಲದಲ್ಲಿ ಮೂರನೇ ಕ್ಲಾಸಿನವರೆಗೆ ಓದಿದ್ದೇನೆ. ಆಮೇಲೆ ಓದಿದ್ದೆಲ್ಲ ಬಸ್ಸಿನ ಬೋರ್ಡು.

ಕಂಪ್ಯೂಟರಿನಲ್ಲಿ ನನ್ನದೂ ಒಂದು ಕೆಲಸವಿತ್ತು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಯಜಮಾನರ ಕಾಲದಲ್ಲಿ ಯಾವ ಒಡವೆಯೂ ಅಚ್ಚು ಒತ್ತದೆ ಮನೆ ಬಿಟ್ಟು ಹೋಗುತ್ತಿರಲಿಲ್ಲ. ಅರಗು ಕಾಯಿಸಿ ಹಲಗೆಯ ಮೇಲೆ ಹಚ್ಚಿ, ಒಡವೆಯ ಮುಂಭಾಗ ಒಂದು ಸಲ, ಹಿಂಭಾಗ ಒಂದು ಸಲ ಒತ್ತಿ ಇಡುತ್ತಿದ್ದರು. ಮುಂಭಾಗ ಎಲ್ಲರದ್ದೂ ಒಂದೇ ಥರ ಇರಬಹುದು. ಯಾರ ಕೈ ಮುಟ್ಟಿದೆ, ಎಲ್ಲಿ ಬೆಸುಗೆ ಬಿದ್ದಿದೆ ಅನ್ನುವುದು ಗೊತ್ತಾಗುವುದು ಹಿಂಭಾಗದಲ್ಲೇ. ಬೇಸಿಗೆಯಲ್ಲಿ ಆ ಅರಗು ಮೆತ್ತಗಾಗಿ, ಒಬ್ಬರ ಓಲೆ ಇನ್ನೊಬ್ಬರ ಪದಕದೊಳಗೆ ಸೇರಿ ಹೋಗುತ್ತಿತ್ತು. ಕಂಪ್ಯೂಟರು ಬಂದ ಮೇಲೆ ಅರಗು ಹೋಗಿ ಫೋಟೊ ಬಂತು, ಆ ಕೆಲಸ ನನಗೆ ಬಂತು.

ಫೋನಿನಲ್ಲಿ ತೆಗೆಯುವುದು, ತಂತಿ ಸಿಕ್ಕಿಸಿ ಕಂಪ್ಯೂಟರಿನೊಳಕ್ಕೆ ಹಾಕುವುದು, ಫೋನಿನಲ್ಲಿರುವುದನ್ನು ಅಳಿಸಿಬಿಡುವುದು. ಒಂದೇ ಒಡವೆ ಎರಡು ಪೆಟ್ಟಿಗೆಯಲ್ಲಿ ಇರುವುದುಂಟೇ? ಹೆಸರು ಬರೆಯುವ ಗೋಜಿಗೆ ನಾನು ಹೋಗಲಿಲ್ಲ. ಒಡವೆಯ ಒಡತಿಯನ್ನೇ ನಿಲ್ಲಿಸಿ, ಒಡವೆಯನ್ನು ಅವಳ ಕೈಗೇ ಕೊಟ್ಟು, ಮುಂದಿನದೊಂದು ಹಿಂದಿನದೊಂದು ಫೋಟೊ ಹೊಡೆಯುತ್ತಿದ್ದೆ. ಮುಖ ಇದ್ದಮೇಲೆ ಹೆಸರು ಯಾಕೆ? ಫೋಲ್ಡರುಗಳಿಗೂ ಅಷ್ಟೆ, ಆ ಯಂತ್ರ ತಾನೇ ಇಟ್ಟ ಹೆಸರು. ಹೊಸ ಫೋಲ್ಡರು, ಹೊಸ ಫೋಲ್ಡರು ಎರಡು, ಹೊಸ ಫೋಲ್ಡರು ಮೂರು ಎಂದು ಎಪ್ಪತ್ತರ ಹತ್ತಿರ ಆಗಿದ್ದವು. ಯಾವುದರಲ್ಲಿ ಯಾರಿದ್ದಾರೆ ಎಂದು ನನಗೆ ಗೊತ್ತು. ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಗೆ ಸಾಸಿವೆ ಅಂತ ಚೀಟಿ ಅಂಟಿಸುತ್ತೀರಾ ನೀವು? ಅವೆಲ್ಲವನ್ನೂ ಒಂದು ಹಳದಿ ಚಿತ್ರದೊಳಗೆ ಸೇರಿಸಿ, "ಅತ್ತೆ, ಇದ್ನ ಒತ್ತಿ, ನಿಮ್ಮವೆಲ್ಲ ಬತ್ತವೆ" ಎಂದು ಸವಿತಳೇ ಪರದೆಯ ಮೇಲೆ ಇಟ್ಟುಕೊಟ್ಟಿದ್ದಳು.

ಈಗ ನಿಂಗಮ್ಮನ ಮಾತು. ನಿಂಗಮ್ಮ ಕ್ಯಾತನಹಳ್ಳಿಯವಳು, ನನಗಿಂತ ಎಂಟು ವರ್ಷಕ್ಕೆ ಚಿಕ್ಕವಳು. ಕಬ್ಬು ಬೆಳೆಯುತ್ತಾರೆ, ಎರಡು ಹಸು ಕಟ್ಟಿದ್ದಾಳೆ. ಪೇಟೆಗೆ ಬಂದಾಗಲೆಲ್ಲ ಒಂದು ಅಚ್ಚು ಬೆಲ್ಲ ಹಿಡಿದುಕೊಂಡು ನಮ್ಮ ಅಂಗಡಿಯಲ್ಲಿ ಅರ್ಧ ಗಂಟೆ ಕೂತು ಹೋಗುವುದು ಅವಳ ರೂಢಿ. ಡೈರಿಗೆ ಹಾಲು ಹಾಕಿ ಹಾಕಿ ಕೂಡಿಸಿ ಒಂದು ಗುಂಡಿನ ಸರ ಮಾಡಿಸಿಕೊಂಡಿದ್ದಳು. ಕಡಲೆಕಾಳು ಗಾತ್ರದ, ಒಳಗೆ ಟೊಳ್ಳಾದ ಚಿನ್ನದ ಗುಂಡುಗಳನ್ನು ಪೋಣಿಸಿದ್ದು. ಗಂಡ ಕೊಟ್ಟದ್ದಲ್ಲ, ತವರಿನಿಂದ ತಂದದ್ದಲ್ಲ, ಪೂರಾ ಅವಳದ್ದೇ. ಅದನ್ನು ನಮ್ಮಲ್ಲಿ ಮಾಡಿಸದೆ ಮೈಸೂರಿನ ಒಂದು ದೊಡ್ಡ ಅಂಗಡಿಯಲ್ಲಿ ಕೊಂಡಳು ಎಂಬ ಸಿಟ್ಟು ನನಗೆ ಬೇರೆಯೇ ಇದೆ. ಅದು ಇಲ್ಲಿ ಬೇಡ.

ಆ ಸರವನ್ನು ಶ್ರೀರಂಗಪಟ್ಟಣದ ರಸ್ತೆಯಲ್ಲಿ ಬೈಕಿನಲ್ಲಿ ಬಂದ ಇಬ್ಬರು ಕಿತ್ತುಕೊಂಡು ಹೋದರು. ಅವಳ ಪುಣ್ಯ, ಹದಿನೈದು ದಿನಕ್ಕೆ ಕಳ್ಳರು ಸಿಕ್ಕಿಬಿದ್ದರು, ಸರವೂ ಸಿಕ್ಕಿತು. ಆದರೆ ಕೆ.ಆರ್. ಪೇಟೆ ಕಡೆಯ ಇನ್ನೊಬ್ಬ ಹೆಂಗಸಿನದೂ ಗುಂಡಿನ ಸರವೇ ಹೋಗಿತ್ತು. ಠಾಣೆಯಲ್ಲಿದ್ದದ್ದು ಒಂದೇ ಸರ. ಇಬ್ಬರೂ ನನ್ನದು ಅಂದರು. ಯಂತ್ರದಲ್ಲಿ ಮಾಡಿದ ಗುಂಡು, ಎಲ್ಲರದ್ದೂ ಗುಂಡಗೇ ಇರುತ್ತದೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಗುರುತು ತೆಗೆದುಕೊಂಡು ಬನ್ನಿ ಎಂದು ಸಾಹೇಬರು ಹೇಳಿ ಕಳಿಸಿದರು.

ನಿಂಗಮ್ಮ ಶುಕ್ರವಾರ ಓಡಿಬಂದಳು. "ಕಾಳಕ್ಕ, ನಾಕ್ ವರ್ಸದ್ ಹಿಂದೆ ಕೊಂಡಿ ಬದ್ಲಾಯ್ಸಕ್ಕೆ ತಂದಿದ್ನಲ್ಲ, ನೀನು ಫೋಟ ಇಡ್ದಿದ್ದೆ ಅಲ್ವಾ? ನಂದು ಯಾವ್ ಮದ್ವೆ ಫೋಟ ನೋಡುದ್ರೂ ಸರ ಸೆರಗಿನ್ ಒಳ್ಗೇ ಅದೆ ಕಣಕ್ಕ."

ಒತ್ತಿ ನೋಡಿದೆ. ಅರ್ಧ ಗಂಟೆ ಬುಗುರಿಯ ಹಾಗೆ ತಿರುಗಿ ತಿರುಗಿ ಕೊನೆಗೆ ತೆರೆಯಿತು. ಹೊಸ ಫೋಲ್ಡರು ಮೂವತ್ತೊಂದು. ನಿಂಗಮ್ಮ ಸರ ಎತ್ತಿ ಹಿಡಿದುಕೊಂಡು ಹಲ್ಲು ಬಿಡುತ್ತಿದ್ದಳು. ಹಿಂಭಾಗದ ಫೋಟೊವೂ ಇತ್ತು.

"ಮೆಷೀನು ಸತ್ತಂಗಾಗದೆ, ಪ್ರಿಂಟು ಕೊಡಕ್ಕಾಯ್ತಿಲ್ಲ" ಅಂದಳು ಸವಿತ. "ಭಾನ್ವಾರ ಗಿರೀಶಣ್ಣ ಬಂದು ಹೊಸ ಸಿಸ್ಟಮ್ ಹಾಕ್ತಾರೆ. ಸಂಜೆಗೆ ಬನ್ನಿ ನಿಂಗಮ್ಮೋರೆ, ಚೆನ್ನಾಗಿ ತೆಗ್ದುಕೊಡ್ತೀವಿ."

ತೂಕ ಬರೆದುಕೊಳ್ಳುವ ಹೊಸ ಸಾಫ್ಟ್‌ವೇರು ಹಳೆಯದರಲ್ಲಿ ಓಡುವುದಿಲ್ಲವೆಂದು ಈ ಏರ್ಪಾಟು. ಭಾನುವಾರ ಬೆಳಿಗ್ಗೆ ಸವಿತ ತನ್ನದನ್ನೆಲ್ಲ ಒಂದು ಪೆನ್‌ಡ್ರೈವಿಗೆ ತುಂಬಿ ಬ್ಯಾಗಿಗೆ ಹಾಕಿಕೊಂಡು ಕೆ.ಆರ್. ಪೇಟೆಯ ತವರಿಗೆ ನಾಮಕರಣಕ್ಕೆ ಹೊರಟುಹೋದಳು. ತನ್ನದನ್ನು ತುಂಬಿಕೊಂಡಳು. ಅತ್ತೆಯದೂ ಒಂದಿದೆ ಎಂದು ತೋಚಲಿಲ್ಲ. ಕೇಳಿದರೆ ಈಗಲೂ "ನೀವ್ ಇದ್ರಲ್ಲ ಮನೇಲಿ" ಅನ್ನುತ್ತಾಳೆ.

ಗಿರೀಶ ಒಂಬತ್ತಕ್ಕೆ ಬಂದ. ಕಾಫಿ ಕುಡಿದ. ಕಂಪ್ಯೂಟರಿನ ಹೊಟ್ಟೆಯನ್ನು ಪರದೆಯ ಮೇಲೆ ಬಿಡಿಸಿ ತೋರಿಸಿದ. ಒಂದು ಉದ್ದನೆಯ ಪಟ್ಟಿ, ಅದರಲ್ಲಿ ನೀಲಿ ಬಣ್ಣದ ಎರಡು ತುಂಡು.

"ನೋಡಿ ದೊಡ್ಡತ್ತೆ, ಡಿಸ್ಕು ಒಂದೇ. ಅದ್ನ ಸಿ ಅಂತ ಡಿ ಅಂತ ಎರಡ್ ಪಾರ್ಟಿಷನ್ ಮಾಡವ್ರೆ. ಸಿ ಒಳ್ಗೆ ಉಸ್ರಾಡಕ್ಕೂ ಜಾಗ ಇಲ್ಲ. ಹೊಸ ಸಿಸ್ಟಮ್ ಎಲ್ಲಿ ಕೂರ್ತದೆ? ಡಿ ನ ಒಡ್ದು ಸಿ ಗೆ ಸೇರಿಸ್ಬುಟ್ರೆ ಮುಗೀತು."

ನನಗೆ ಭಾಗದ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಯಜಮಾನರಿಗೂ ಅವರಣ್ಣನಿಗೂ ಮನೆ ಭಾಗವಾದಾಗ ಹಗ್ಗ ಹಿಡಿದು ಅಳೆದು ನಡುವೆ ಗೋಡೆ ಎಬ್ಬಿಸಿದರು. ಅಡುಗೆಮನೆಯ ನೆಲದಲ್ಲಿ ಹೂತಿದ್ದ ಒರಳು ನಮ್ಮ ಕಡೆಗೆ ಬಂತು. ಅದರ ರುಬ್ಬುವ ಕಲ್ಲು ಆ ಹೊತ್ತಿಗೆ ತೊಳೆದು ಪಕ್ಕದಲ್ಲಿಟ್ಟದ್ದು ಅವರ ಕಡೆಗೆ ಹೋಯಿತು. ಕಲ್ಲು ಕೊಡಿ ಎಂದು ನಾವು ಕೇಳಲಿಲ್ಲ, ಒರಳು ಕೊಡಿ ಎಂದು ಅವರು ಕೇಳಲಿಲ್ಲ. ಎರಡು ವರ್ಷ ಎರಡು ಮನೆಯವರೂ ಎದುರುಮನೆಗೆ ಹೋಗಿ ಚಟ್ನಿ ರುಬ್ಬಿಕೊಂಡು ಬಂದೆವು. ನಾನೂ ನನ್ನ ಓರಗಿತ್ತಿಯೂ ಆ ಮನೆಯ ಒಂದೇ ಒರಳಿಗೆ ಸರದಿ ಕಾದಿದ್ದೇವೆ, ಒಬ್ಬರ ಮುಖ ಒಬ್ಬರು ನೋಡದೆ. ಗೋಡೆ ಎಂದರೆ ಏನೆಂದು ನನಗೆ ಗೊತ್ತು.

"ಡಿ ಅನ್ನೋನ್ನ ಕೇಳುದ್ರಾ?" ಅಂದೆ.

"ಯಾರ್ನ ದೊಡ್ಡತ್ತೆ?"

"ಜಾಗ ಬುಟ್ಟುಕೊಡೋನ್ನ."

ಗಿರೀಶ ನಕ್ಕ. ನಾನು ನಗಿಸಲು ಹೇಳಿದ್ದಲ್ಲ. ನಗು ಮುಗಿದ ಮೇಲೆ ಅವನು ಕೇಳಿದ್ದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ, ಕೇಳಿದ. "ಸ್ಕ್ರೀನ್ ಮೇಲಿರೋದು ಒಂದೂ ಮುಟ್ಟಲ್ಲ. ಡಿ ಒಳ್ಗೆ ನಿಮ್ದೇನಾರ ಅದಾ, ನೋಡಿ ಯೋಳಿ."

"ನಂದೆಲ್ಲ ಇಲ್ಲೇ ಕಣ್ಮುಂದೆ ಅದೆ" ಎಂದು ನನ್ನ ಹಳದಿ ಚಿತ್ರವನ್ನು ಬೆರಳಿಟ್ಟು ತೋರಿಸಿದೆ. "ಡಿ ಒಳ್ಗೆ ನಂಗೇನ್ ಕೆಲ್ಸ?"

ಅವನು ಸರಿಯಾಗಿ ನೋಡಲಿಲ್ಲ. ತಲೆಯಾಡಿಸಿದ. ಅಷ್ಟರಲ್ಲಿ ಅವನ ಕೈ ಬೇರೆ ಕಡೆಗೆ ಹೋಗಿತ್ತು, ನನ್ನ ಕಣ್ಣೂ ಆ ಕೈಯ ಹಿಂದೆ ಹೋಯಿತು. ಪರದೆಯ ಮೇಲುಗಡೆ ಒಂದು ಕಸದ ಬುಟ್ಟಿಯ ಚಿತ್ರ ಇರುತ್ತದೆ, ನೋಡಿರುತ್ತೀರಿ.

"ಅಬ್ಬಬ್ಬಾ, ಇದ್ರಲ್ಲಿ ಮೂರ್ ಸಾವ್ರ ಅವೆ! ಮೊದ್ಲು ಈ ಕಸ ಖಾಲಿ ಮಾಡೋಣ" ಅಂದ.

"ಕೈ ತೆಗೀರಿ!" ಎಂದು ಕಿರುಚಿದೆ. ಒಳಗಡೆ ಬೆಸುಗೆ ಊದುತ್ತಿದ್ದ ಲೋಕೇಶ ಬೆಚ್ಚಿ ತಲೆಯೆತ್ತಿದ.

ಅಕ್ಕಸಾಲಿಯ ಮನೆಯಲ್ಲಿ ಕಸ ಚೆಲ್ಲುವುದಿಲ್ಲ. ಅರ ತಿಕ್ಕಿದಾಗ ಹಾರಿದ ಹುಡಿ, ಕುಲುಮೆಯ ಬೂದಿ, ಕೈ ತೊಳೆದ ನೀರಿನ ಮಡ್ಡಿ, ಕೊನೆಗೆ ಹರಿದುಹೋದ ಚಾಪೆ, ಎಲ್ಲವೂ ಮೂಲೆಯ ಗುಡಾಣದಲ್ಲಿ ಇರಬೇಕು. ವರ್ಷಕ್ಕೊಂದು ಸಲ ಕಸ ಜಾಲಿಸುವವರು ಬಂದು, ನೀರಿನಲ್ಲಿ ಜಾಲಿಸಿ ಅದರಿಂದ ಚಿನ್ನ ತೆಗೆಯುತ್ತಾರೆ. ನನ್ನಪ್ಪನ ಮನೆಯಲ್ಲಿ ವಿಗ್ರಹದ ಎರಕದ ಕೆಲಸ. ಅಲ್ಲಿ ನೆಲದ ಮೇಲೆ ಬಿದ್ದದ್ದು ಮಣ್ಣು ಮತ್ತು ಮೇಣ, ಗುಡಿಸಿ ಎಸೆಯುತ್ತಿದ್ದೆವು. ಮದುವೆಯಾಗಿ ಬಂದ ನಾಲ್ಕನೇ ದಿನ ಬೇಗ ಎದ್ದು, ಒಳ್ಳೆ ಸೊಸೆ ಅನ್ನಿಸಿಕೊಳ್ಳಲು ಕೆಲಸದ ಕೋಣೆಯನ್ನು ಚೊಕ್ಕಟವಾಗಿ ಗುಡಿಸಿ ಬೀದಿಗೆ ಹಾಕಿದೆ. ನಮ್ಮತ್ತೆ ಹೊರಗೆ ಬಂದವರು ಎದೆ ಹಿಡಿದುಕೊಂಡರು. "ನೋಡ್ರವ್ವ, ನೋಡ್ರವ್ವ, ಚಿನ್ನ ಗುಡ್ಸಿ ಬೀದಿಗಾಕವ್ಳೆ ನಾಗಮಂಗ್ಲದವ್ಳು" ಎಂದು ಕೇರಿಯನ್ನೆಲ್ಲ ಕರೆದರು. ಆಮೇಲೆ ನನ್ನ ಕೈಯಲ್ಲೇ ಬೀದಿ ಗುಡಿಸಿಸಿದರು. ಹಚ್ಚಿದ ಅರಿಶಿನ ಇನ್ನೂ ಕೈಯಲ್ಲಿತ್ತು. ಸಗಣಿ, ಎಮ್ಮೆ ಕೂದಲು, ಕಡಲೆಕಾಯಿ ಸಿಪ್ಪೆ ಎಲ್ಲ ಸೇರಿಸಿ ಮೂರು ಮಂಕರಿ ಒಳಗೆ ಹೊತ್ತು ತಂದೆ. ಆ ವರ್ಷ ಕಸ ಜಾಲಿಸಲು ಬಂದವನು ಮೂಗು ಮುಚ್ಚಿಕೊಂಡು, "ಇದೇನಮ್ಮ, ಆಚಾರ್ರು ಕೊಟ್ಟಿಗೇಲಿ ಕೂತು ಕೆಲ್ಸ ಮಾಡ್ತಾವ್ರಾ?" ಎಂದು ಕೇಳಿದ.

ಅವತ್ತಿನಿಂದ ಈವತ್ತಿನವರೆಗೆ ಜಾಲಿಸದ ಕಸವನ್ನು ನಾನು ಹೊಸಿಲು ದಾಟಿಸಿದವಳಲ್ಲ. ಇವನು ನೋಡಿದರೆ ಅಳಿಯ ಅನ್ನುವ ಒಂದೇ ಬಲದ ಮೇಲೆ ಬಂದು, ಒಳಗೇನಿದೆ ಎಂದು ಇಣುಕಿಯೂ ನೋಡದೆ ಬುಟ್ಟಿ ಬೋರಲು ಹಾಕಲು ನಿಂತಿದ್ದಾನೆ!

"ಅದ್ರಲ್ಲಿ ಏನೂ ಇಲ್ಲ ದೊಡ್ಡತ್ತೆ, ಬ್ಯಾಡ ಅಂತ ನೀವೇ ಎಸ್ದಿರೋದು."

"ಎಸ್ದಿರೋದ್ರಲ್ಲೇ ಇರೋದು. ನಿಮಗ್ ಗೊತ್ತಾಗಲ್ಲ, ಬುಡಿ."

ಗೆದ್ದೆ. ಬುಟ್ಟಿಯನ್ನು ಮುಟ್ಟುವುದಿಲ್ಲ ಎಂದು ಅಳಿಯಂದಿರು ಕೈ ಮುಗಿದರು. ನನಗೆ ನಂಬಿಕೆ ಬರಲಿಲ್ಲ. ಕುರ್ಚಿ ಎಳೆದುಕೊಂಡು ಅವನ ಮಗ್ಗುಲಲ್ಲೇ ಕೂತೆ, ಒಬ್ಬಟ್ಟಿನ ಹೂರಣದ ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆ ಕಟ್ಟುತ್ತ ಆ ಬುಟ್ಟಿಯನ್ನೇ ಕಾದೆ. ಕಣ್ಣು ಮಿಟುಕಿಸಲಿಲ್ಲ. ನನ್ನ ಕಣ್ಣೆದುರಿಗೇ ಅವನು ಆ ನೀಲಿ ಪಟ್ಟಿಯ ಎರಡನೇ ತುಂಡನ್ನು ಆರಿಸಿ, ಅಳಿಸಿ, ಮೊದಲನೆಯದನ್ನು ಉದ್ದಕ್ಕೆ ಎಳೆದ. "ಇಷ್ಟೇ ಕೆಲ್ಸ" ಅಂದ. "ಬುಟ್ಟಿ?" ಅಂದೆ. "ಅಂಗೇ ಅದೆ" ಅಂದ. ಹೊಸ ಸಿಸ್ಟಮ್ ಇಳಿಯಿತು, ಯಂತ್ರ ಎರಡು ಮೂರು ಸಲ ಆರಿ ಹತ್ತಿತು, ಪರದೆಗೆ ಹೊಸ ಬಣ್ಣ ಬಂತು. ಬುಟ್ಟಿ ಇತ್ತು. ಹಳದಿ ಚಿತ್ರ ಇತ್ತು. ಗಿರೀಶ ನಾಲ್ಕು ಒಬ್ಬಟ್ಟು ತಿಂದ, ತುಪ್ಪ ಎರಡನೇ ಸಲ ಹಾಕಿಸಿಕೊಂಡ, ಬೈಕು ಹತ್ತಿದ. "ಹೋಗಿಬನ್ನಿ" ಅಂದೆ.

ನಾಲ್ಕು ಗಂಟೆಗೆ ನಿಂಗಮ್ಮ ಬೆಲ್ಲ ಹಿಡಿದುಕೊಂಡು ಬಂದಳು. ಹಳದಿ ಚಿತ್ರ ಒತ್ತಿದೆ. ಇಂಗ್ಲಿಷಿನಲ್ಲಿ ಎರಡು ಸಾಲು ಬಂತು. ಮತ್ತೆ ಒತ್ತಿದೆ. ಮತ್ತೆ ಎರಡು ಸಾಲು. ಲೋಕೇಶ ಬಂದು ಒತ್ತಿದ, ಅವನಿಗೂ ಅದೇ ಎರಡು ಸಾಲು. ಗಿರೀಶನಿಗೆ ಫೋನು ಹಚ್ಚಿದೆ.

"ಅಯ್ಯೋ ದೊಡ್ಡತ್ತೆ, ಆ ಚಿತ್ರದ್ ಮೇಲೆ ಬಾಣ ಅದಾ?"

"ಅದೆ."

"ಅಂಗಾದ್ರೆ ಅದು ಶಾರ್ಟ್‌ಕಟ್ಟು. ಬರೀ ದಾರಿ ತೋರ್ಸೋದು. ಫೋಟ ಎಲ್ಲ ಡಿ ಒಳ್ಗೆ ಇತ್ತು ಅನ್ಸುತ್ತೆ."

"ಡಿ ಎಲ್ಲದೆ?"

"ಅದ್ರ ಮೇಲೆ ಹೊಸದು ಕೂತದೆ. ವಾಪಸ್ ತೆಗೆಯಕ್ಕೆ ನೋಡ್ಬೋದು. ವಾರ ಇಡೀತದೆ. ಸಿಕ್ತದೆ ಅಂತ ಯೋಳಕ್ಕಾಗಲ್ಲ" ಅಂದ.

ನೀವೇ ಹೇಳಿ, ಇದು ನ್ಯಾಯವೇ? ಇಡೀ ಊರನ್ನು ನೆಲಸಮ ಮಾಡಿ, ಆ ಊರಿಗೆ ದಾರಿ ತೋರಿಸುವ ಹಲಗೆಯನ್ನು ಮಾತ್ರ ರಸ್ತೆಯಲ್ಲಿ ನಿಲ್ಲಿಸಿ ಹೋದರೆ ಏನನ್ನಬೇಕು? ಪರದೆಯ ಮೇಲಿರುವುದನ್ನು ಮುಟ್ಟಲ್ಲ ಅಂದ, ಮುಟ್ಟಲಿಲ್ಲ, ಸತ್ಯವಂತ! ಆ ಡೊಂಕು ಬಾಣ ಎಂದರೆ ವಸ್ತು ಇಲ್ಲಿಲ್ಲ ಅಂತ ಅರ್ಥ ಎನ್ನುವುದನ್ನು ಇಷ್ಟು ವರ್ಷದಲ್ಲಿ ಒಬ್ಬರಾದರೂ ನನಗೆ ಹೇಳಿದ್ದರೇ? ಅಷ್ಟು ದೊಡ್ಡ ಯಂತ್ರ ಮಾಡಿದವರಿಗೆ, ಒಳಗಿರುವುದಕ್ಕೂ ಇಲ್ಲದ್ದಕ್ಕೂ ಬೇರೆ ಬೇರೆ ಚಿತ್ರ ಬರೆಯುವಷ್ಟು ಕೈ ಬರಲಿಲ್ಲವೇ? ನಮ್ಮ ಲೋಕೇಶ ತಾಮ್ರದ ಓಲೆಗೆ ಚಿನ್ನದ ನೀರು ಕೊಟ್ಟು ಚಿನ್ನದ ಪೆಟ್ಟಿಗೆಯಲ್ಲಿ ಇಟ್ಟು ಮಾರಿದರೆ ಜನ ಸುಮ್ಮನಿರುತ್ತಾರೆಯೇ?

ಇನ್ನು ಆ ಬುಟ್ಟಿ. ಲೋಕೇಶನ ಕೈಯಲ್ಲಿ ಅದನ್ನು ತೆಗೆಸಿ, ಮೇಲಿನಿಂದ ಕೆಳಗಿನವರೆಗೆ ಸಾಲು ಸಾಲಾಗಿ ಸರಿಸಿ ನೋಡಿದೆ. ಯಾರದೋ ಮದುವೆ ಕರೆಯೋಲೆ, ಅದೇ ಹದಿನೇಳು ಸಲ. ಗುಲಾಬಿ ಹೂವಿನ ಪಕ್ಕದಲ್ಲಿ ಶುಭೋದಯ ಎಂದು ಬರೆದ ಚಿತ್ರಗಳು, ಲೆಕ್ಕವಿಲ್ಲದಷ್ಟು. ಸವಿತಳ ತಮ್ಮ ಕನ್ನಡಕ ಹಾಕಿಕೊಂಡು ಹೇಮಗಿರಿಯ ಹೊಳೆಯಲ್ಲಿ ನಿಂತದ್ದು. ಚಿನ್ನದ ಒಂದು ಹುಡಿ ಸಿಗಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಈ ರಾಶಿಗೆ ಕಾವಲು ಕೂತು, ನನ್ನ ತಿಜೋರಿಯನ್ನು ನನ್ನ ಪಕ್ಕದಲ್ಲೇ ಒಡೆಸಿದ್ದೆ. ಒಡೆಯುವವನಿಗೆ ಒಬ್ಬಟ್ಟು ಬೇರೆ ಬಡಿಸಿದ್ದೆ.

"ಅಂಗಂದ್ರೆ ಫೋಟ ಇಲ್ವಾ ಕಾಳಕ್ಕ?" ಅಂದಳು ನಿಂಗಮ್ಮ.

"ಇಲ್ಲ."

"ಆ ಕೆ.ಆರ್. ಪೇಟೆ ಯಮ್ಮ ನಾಳೆ ಮಗಳ ಮದ್ವೆ ಆಲ್ಬಮ್ಮೇ ತತ್ತಾಳಂತೆ. ಅದ್ರಲ್ಲಿ ಸರ ಪಳಪಳ ಅಂತದಂತೆ." ಅವಳು ಬರಿ ಕತ್ತಿನ ಮೇಲೆ ಕೈ ಆಡಿಸಿಕೊಂಡಳು. "ಓಗ್ಲಿ ಬುಡು. ನಿಂದೇನ್ ತಪ್ಪು."

ಬೈದಿದ್ದರೆ ಸಲೀಸಾಗಿತ್ತು. ಬೆಲ್ಲವನ್ನು ಕಟ್ಟೆಯ ಮೇಲಿಟ್ಟು ಬಸ್ಸಿಗೆ ಹೋದಳು.

ಅವಳು ಹೋದ ಮೇಲೆ ನಾನು ಗಿರೀಶನನ್ನು, ಅವನನ್ನು ಗೊತ್ತು ಮಾಡಿದ ಮದುವೆ ದಲ್ಲಾಳಿಯನ್ನು, ಕಂಪ್ಯೂಟರು ಕಂಡುಹಿಡಿದವನನ್ನು ಒಬ್ಬೊಬ್ಬರನ್ನಾಗಿ ಬೈಯುತ್ತಿದ್ದೆ. ಲೋಕೇಶ ಮಣೆಯಿಂದ ತಲೆ ಎತ್ತದೆ ಅಂದ:

"ಅವ್ವ, ಫೋಟ ಓದ್ರೆ ಓಯ್ತು. ಗುರ್ತು ನಿಂಗೇ ಗೊತ್ತಲ್ಲ."

"ಏನ್ ಗೊತ್ತು?"

"ಗುಂಡು ತುಳ್ದೋರು ಯಾರು?"

"ಮುಚ್ಚಲಾ ಬಾಯ."

ಇದನ್ನು ನಿಮಗೂ ಹೇಳದೆ ದಾಟಿಸಿಬಿಡೋಣ ಅಂತಿದ್ದೆ. ಆಗುವುದಿಲ್ಲ. ಆ ನಾಲ್ಕು ವರ್ಷದ ಹಿಂದೆ ಕೊಂಡಿ ಬದಲಾಯಿಸಲು ಸರವನ್ನು ಬಿಚ್ಚಿ ಗುಂಡುಗಳನ್ನು ತಟ್ಟೆಗೆ ಹಾಕಿಕೊಂಡು ನಾನು ಪೋಣಿಸುತ್ತಿದ್ದೆ. ಒಂದು ಗುಂಡು ಉರುಳಿ ಹೋಯಿತು. ಹುಡುಕಲು ಎದ್ದೆ. ಎದ್ದ ಕಾಲು ಇಟ್ಟದ್ದೇ ಅದರ ಮೇಲೆ. ಟೊಳ್ಳು ಗುಂಡು, ನನ್ನ ಭಾರ. ಅಪ್ಪಚ್ಚಿಯಾಗಿ ಸೀಳಿಕೊಂಡಿತು. ಲೋಕೇಶ ಅದನ್ನು ಹೇಗೋ ತಟ್ಟಿ ತಟ್ಟಿ ಗುಂಡಗೆ ಮಾಡಿ, ಸೀಳಿದ ಕಡೆ ಹುರುಳಿಕಾಳಿನಷ್ಟು ಚಿನ್ನದ ತೇಪೆ ಬೆಸೆದ. ನಮ್ಮ ಚಿನ್ನ ಒಂದು ಎಳೆ ಕೆಂಪು, ಅವಳದ್ದು ಹಳದಿ. ಸೂಕ್ಷ್ಮವಾಗಿ ನೋಡಿದರೆ ಕಾಣುತ್ತದೆ. "ಅವ್ರಿಗೆ ಯೋಳ್ಬುಡವ್ವ" ಅಂದಿದ್ದ ಮಗ. "ಗುಂಡಿನ್ ಬೆನ್ನ ಯಾರ್ಲಾ ನೋಡ್ತಾರೆ" ಎಂದು ನಾನು ತೇಪೆಯನ್ನು ಕತ್ತಿನ ಕಡೆಗೆ ತಿರುಗಿಸಿ, ಹಿಂಭಾಗದ ಫೋಟೊ ಹೊಡೆದು, ಸರವನ್ನು ಅವಳ ಕೈಗೆ ಕೊಟ್ಟಿದ್ದೆ. ಮೈಸೂರಿನ ಸರಕ್ಕಿಂತ ನಮ್ಮ ಕೆಲಸ ಎಷ್ಟು ಮೇಲು ಎಂದು ಅವತ್ತೇ ಅವಳಿಗೆ ಅರ್ಧ ಗಂಟೆ ಹೇಳಿದ್ದೂ ನೆನಪಿದೆ.

ಫೋಟೊ ಇದ್ದಿದ್ದರೆ ನಾನು ಬಾಯಿ ಬಿಡಬೇಕಾಗಿರಲಿಲ್ಲ. ಅದರಲ್ಲಿ ಅವಳ ಮುಖ ಇತ್ತು, ಎಳ್ಳಿನಷ್ಟಾಗಿ ಕಾಣುವ ಆ ತೇಪೆಯ ಕೆಂಪು ಚುಕ್ಕೆ ಇತ್ತು. ಸಾಹೇಬರು ಚುಕ್ಕೆ ನೋಡಿ ಸರ ಕೊಡುತ್ತಿದ್ದರು, ನಿಂಗಮ್ಮ ತನ್ನ ಹಲ್ಲು ನೋಡಿಕೊಂಡು ಸುಮ್ಮನಾಗುತ್ತಿದ್ದಳು. ಯಾರಾದರೂ ಕೇಳಿದರೆ ಚುಕ್ಕೆ ಮೈಸೂರಿನಿಂದಲೇ ಬಂದದ್ದು ಅನ್ನೋಣ ಎಂದು ನಾನು ಶುಕ್ರವಾರವೇ ಮಾತು ಜೋಡಿಸಿಟ್ಟುಕೊಂಡಿದ್ದೆ. ಈಗ ಆ ಮಾತು ನಡೆಯುವುದಿಲ್ಲ. ಅಂಗಡಿಯಿಂದಲೇ ಬಂದ ಚುಕ್ಕೆಯಾದರೆ ಆ ಹೆಂಗಸಿನ ಸರದಲ್ಲೂ ಇರಬಹುದಲ್ಲ. ಇಂಥ ಗುಂಡನ್ನು ಇಂಥವಳು ತುಳಿದು ಇಂಥವನು ತೇಪೆ ಹಾಕಿದ ಎಂದರೆ ಮಾತ್ರ ಅದು ನಿಂಗಮ್ಮನ ಸರ. ಗಿರೀಶನ ಮೇಲಿನ ನನ್ನ ಸಿಟ್ಟಿನಲ್ಲಿ ಅರ್ಧ ನ್ಯಾಯದ್ದು. ಇನ್ನರ್ಧ ಎಲ್ಲಿಂದ ಬಂತು ಎಂದು ನನಗೂ ಗೊತ್ತಿತ್ತು, ಮಣೆಯ ಮುಂದೆ ಕೂತು ನಗುತ್ತಿದ್ದ ಆ ನನ್ನ ಮಗನಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಲೋಕೇಶನ ಭೂತಗನ್ನಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸು ಹತ್ತಿದೆ. ಶ್ರೀರಂಗಪಟ್ಟಣದ ಠಾಣೆಯಲ್ಲಿ ನಿಂಗಮ್ಮ ಒಂದು ಬೆಂಚಿನಲ್ಲಿ, ಆಲ್ಬಮ್ಮಿನ ಹೆಂಗಸು ಇನ್ನೊಂದು ಬೆಂಚಿನಲ್ಲಿ. ಆಕೆಯ ಕಣ್ಣೂ ಅತ್ತು ಊದಿಕೊಂಡಿತ್ತು. ಸುಳ್ಳು ಹೇಳುವ ಮುಖವಲ್ಲ, ಪಾಪ ಆಕೆಯೂ ಕಳೆದುಕೊಂಡವಳೇ. ಸಾಹೇಬರು ಸರವನ್ನು ಮೇಜಿನ ಮೇಲಿಟ್ಟರು.

"ನೀವ್ ಯಾರಮ್ಮ?"

"ಕೊಂಡಿ ಹಾಕ್ದೋರು. ಕೊಂಡಿಯಿಂದ ಎಡಗಡೆಗೆ ಐದ್ನೇ ಗುಂಡು ತಿರುಗ್ಸಿ ನೋಡಿ ಸಾಮಿ. ಉಳ್ಳೀಕಾಳ್ನಷ್ಟು ತೇಪೆ ಅದೆ, ಒಸಿ ಕೆಂಪಗೆ. ಈ ಗಾಜಲ್ಲಿ ನೋಡಿ. ಗುಂಡು ತುಳ್ದೋಳು ನಾನು, ತೇಪೆ ಹಾಕ್ದೋನು ನನ್ನ ಮಗ."

ಸಾಹೇಬರು ಎಣಿಸಿದರು, ತಿರುಗಿಸಿದರು, ಗಾಜನ್ನು ಕಣ್ಣಿಗೆ ಹಚ್ಚಿಕೊಂಡರು. "ಅದೆ" ಅಂದರು. ಆಲ್ಬಮ್ಮಿನ ಹೆಂಗಸೂ ಎದ್ದು ಬಂದು ನೋಡಿ ಆಲ್ಬಮ್ಮು ಮುಚ್ಚಿಕೊಂಡಳು.

"ತೇಪೆನಾ? ನನ್ ಸರಕ್ಕಾ?" ನಿಂಗಮ್ಮ ಬೆಂಚು ಬಿಟ್ಟು ಎದ್ದು ನಿಂತಿದ್ದಳು. "ನಾಕ್ ವರ್ಸ ತುಳ್ದಿರೋ ಗುಂಡ ಕತ್ತಿಗಾಕೊಂಡು ಮೆರುದ್ನಾ ನಾನು? ಒಂದ್ ಮಾತ್ ಯೋಳಕ್ಕೆ ನಿಂಗೇನಾಗಿತ್ತು ಕಾಳಕ್ಕ? ಎಷ್ಟ್ ಬೆಲ್ಲ ತಂದಾಕಿವ್ನಿ ನಿನ್ನ ಮನ್ಗೆ!"

"ಸರ ನಿಮ್ದೇ ಅಂತ ಆಯ್ತಲ್ಲಮ್ಮ" ಅಂದರು ಸಾಹೇಬರು.

"ಸರ ಆಯ್ತು ಸಾಮಿ. ಇವ್ಳ ಮಾತ್ ನೋಡಿ! ಅವತ್ತು ಮೈಸೂರ್ ಅಂಗ್ಡಿಯವ್ರ ಕೆಲ್ಸ ಕೆಲ್ಸವಾ ಅಂತ ನಂಗೇ ಬುದ್ಧಿ ಯೋಳಿದ್ಲು!"

ರೈಟರು ಬರೆದುಕೊಂಡದ್ದನ್ನು ಗಟ್ಟಿಯಾಗಿ ಓದಿದರು: ಸದರಿ ಗುಂಡು ನನ್ನ ಕಾಲಿನಿಂದ ತುಳಿತಕ್ಕೆ ಒಳಗಾಗಿದ್ದು, ಅದಕ್ಕೆ ನನ್ನ ಮಗನಿಂದ ತೇಪೆ ಹಾಕಿಸಿರುತ್ತೇನೆ, ಈ ವಿಷಯವನ್ನು ಸರದ ಮಾಲೀಕರಿಗೆ ತಿಳಿಸಿರುವುದಿಲ್ಲ. ಓದಿ ಮುಗಿಸಿ, ಶಾಯಿಯ ಡಬ್ಬಿಯ ಮುಚ್ಚಳ ತೆಗೆದು ನನ್ನ ಕಡೆ ತಳ್ಳಿದರು. ಹೆಬ್ಬೆಟ್ಟಿಗೆ.

"ರುಜು ಮಾಡ್ತೀನಿ" ಅಂದೆ.

ಪೆನ್ನು ಕೊಟ್ಟರು. 'ಕಾ' ಬರೆದೆ. 'ಳ' ಸುತ್ತಲು ಯಾವಾಗಲೂ ನನಗೆ ಹೊತ್ತು ಹಿಡಿಯುತ್ತದೆ. ನಿಂಗಮ್ಮ ಬಯ್ಯುತ್ತಲೇ ಇದ್ದಳು, ನಾನು ಮುಂದಿನ ಅಕ್ಷರಕ್ಕೆ ಪೆನ್ನು ಸರಿಸಿದೆ.